ಆರ್ಲಿಸ್‌ಗೆ ಅಂತ ತಂದ ಬಂದೂಕು

ಲೈಲ್ ಬ್ರೆಕ್ಕಿಯ ಅಂಗಡಿಯಲ್ಲಿ ಮುಂದುಗಡೆ ಮೊಳೆ, ಬಕೆಟ್ಟು, ಕುರಿ ಔಷಧಿ, ಹಿಂದುಗಡೆ ಬಂದೂಕು. ನಡುವೆ ಕಾಫಿ ಪಾತ್ರೆ, ಅದರ ಸುತ್ತ ಬೆಳಗಿನಿಂದ ಬೇರುಬಿಟ್ಟು ಕೂತ ಗಂಡಸರು. ಯಾರ ಕಣ್ಣಿಗೂ ಬೀಳದೆ ಬಂದೂಕು ಕೊಳ್ಳಬೇಕೆನ್ನುವವನಿಗೆ ಇಡೀ ಪಶ್ಚಿಮ ಡಕೋಟಾದಲ್ಲಿ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಮೆರ್ಲ್ ಹಾಕಾಸ್‌ಗೆ ಅದು ಗೊತ್ತಿತ್ತು. ಆದರೂ ಬಂದಿದ್ದ. ಕುರಿಗಳು ಮರಿ ಹಾಕುವ ಕಾಲ ಶುರುವಾಗಿತ್ತು, ಆ ಸುದ್ದಿ ಮರಿ ಕದಿಯುವ ನರಿಜಾತಿಯ ಕಯೋಟಿಗಳಿಗೂ ಮುಟ್ಟಿತ್ತು.

ಚಳಿಗಾಲಕ್ಕೆ ಮುಂಚೆ ಟಗರೊಂದು ಅವನನ್ನು ದೊಡ್ಡಿಯ ಗೋಡೆಗೆ ಗುಮ್ಮಿ ಬಲಭುಜ ಕೆಡಿಸಿಹಾಕಿತ್ತು. ವಾಸಿಯಾಯಿತು ಎಂದು ಹೆಂಡತಿ ಆರ್ಲಿಸ್‌ಗೆ ಹೇಳಿದ್ದ. ವಾಸಿಯಾಗಿರಲಿಲ್ಲ. ಹೋದ ವಾರ ಬೆಳಕು ಹರಿಯುವ ಹೊತ್ತಿಗೆ ಕಯೋಟಿಯೊಂದು ಅವನ ಕಣ್ಣೆದುರೇ ಮರಿಯ ಕುತ್ತಿಗೆಗೆ ಬಾಯಿ ಹಾಕಿತ್ತು. ಅಪ್ಪನ ಕಾಲದ ರೈಫಲ್ಲನ್ನು ಎತ್ತಿದ; ಭುಜ ತಡೆಯಲಿಲ್ಲ, ನಳಿಕೆ ತೂಗಾಡಿತು, ಗುಂಡು ಮಣ್ಣಿಗೆ ಹೋಯಿತು. ಕಯೋಟಿ ತಲೆಯೆತ್ತಿ ಅವನನ್ನೊಮ್ಮೆ ನೋಡಿ, ಮರಿಯನ್ನು ಕಚ್ಚಿಕೊಂಡು ನಡೆದುಹೋಯಿತು. ಓಡಲಿಲ್ಲ, ನಡೆದುಹೋಯಿತು. ಮರಿ ಹೋದದ್ದಕ್ಕಿಂತ ಕಯೋಟಿ ಓಡದೆ ಹೋದದ್ದೇ ಮೆರ್ಲನನ್ನು ಹೆಚ್ಚು ಚುಚ್ಚುತ್ತಿತ್ತು. ಬಂದೂಕಿನೊಳಗೆ ತೋಟಾ ಸಿಕ್ಕಿಕೊಂಡಿತು ಎಂದು ಮನೆಯಲ್ಲಿ ಸುಳ್ಳು ಹೇಳಿದ್ದ.

“ಹಗುರ ಇರ್ಬೇಕು. ಅಗ್ಗವೂ ಇರ್ಬೇಕು,” ಎಂದು ಲೈಲನ ಕಿವಿಯ ಹತ್ತಿರ ಪಿಸುಗುಟ್ಟಿದ.

ಲೈಲ್‌ಗೆ ಪಿಸುಮಾತು ಬರುವುದಿಲ್ಲ. “ಹಗುರಾನೂ ಬೇಕು, ಅಗ್ಗಾನೂ ಬೇಕು ಅಂದ್ರೆ ಚಂದ ಮರೆತುಬಿಡು!” ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿದ. ಮೊದಲು ಕೊಟ್ಟದ್ದು ನುಣುಪಾದ ಮರದ ಬುಡದ್ದು. ಹಗುರವೇನೋ ಹೌದು, ಬೆಲೆ ಕೇಳಿ ಮೆರ್ಲ್ ಮೆಲ್ಲಗೆ ಕೆಳಗಿಟ್ಟ. ಎರಡನೆಯದು ದೂರ ಹೊಡೆಯುವಂಥದ್ದು, ಆದರೆ ಗುಂಡು ಹಾರಿದಾಗ ಭುಜಕ್ಕೆ ಒದೆತ ಜಾಸ್ತಿ. ಒದೆತ ಎಂದ ಕೂಡಲೇ ಅವನ ಭುಜವೇ ಬೇಡ ಎಂದಿತು. ಮೂರನೆಯದಕ್ಕೆ ಭುಜಕ್ಕಾನಿಸುವ ಬುಡ ಕಪ್ಪು ಪ್ಲಾಸ್ಟಿಕ್ಕಿನದು, ನಳಿಕೆ ತೆಳು. ಕೈಗೆ ಬಂದಾಗ ಏನೋ ಒಂದು ಭಾಗ ಕಪಾಟಿನಲ್ಲೇ ಉಳಿದುಹೋಗಿದೆಯೇನೋ ಅನ್ನಿಸುವಷ್ಟು ಹಗುರ.

“ಇದು ಸಣ್ಣ ಗುಂಡಿಂದು. ಒದೆಯಲ್ಲ, ತೋಟಾನೂ ಅಗ್ಗ,” ಎಂದ ಲೈಲ್. “ಆದ್ರೆ ನಮ್ಮ ಗಾಳಿ ಗೊತ್ತಲ್ಲ, ಗುಂಡನ್ನ ಪಕ್ಕಕ್ಕೆ ತಳ್ಳಿಬಿಡುತ್ತೆ. ಇನ್ನೂರು ಗಜದ ಒಳಗೆ ಹೊಡಿ, ಮೋಸ ಇಲ್ಲ. ಮೇಲೆ ದೊಡ್ಡ ದುರ್ಬೀನು ಕೂರಿಸ್ಬೇಡ, ಹಗುರ ತಗೊಂಡಿದ್ದೇ ದಂಡ ಆಗುತ್ತೆ. ನಳಿಕೆ ತೆಳು, ಮೂರು ಗುಂಡಿಗೆ ಬಿಸಿ ಆಗುತ್ತೆ. ಆಗ್ಲಿ ಬಿಡು, ಮೂರನೇ ಗುಂಡಿನ ತನಕ ನಿಂತ್ಕೊಂಡಿರೋ ಕಯೋಟಿನ ನಾನಂತೂ ನೋಡಿಲ್ಲ.”

ಮೆರ್ಲ್ ಅದನ್ನು ಭುಜಕ್ಕೇರಿಸಿದ. ನೋಯಲಿಲ್ಲ. ನಳಿಕೆ ಅಲ್ಲಾಡಲಿಲ್ಲ. ಅವನ ಕಣ್ಣಿನಲ್ಲಿ ನೀರೇ ಬರುವುದರಲ್ಲಿತ್ತು.

“ಏನಯ್ಯಾ ಮೆರ್ಲ್,” ಕಾಫಿ ಪಾತ್ರೆಯ ಕಡೆಯಿಂದ ನೆರೆಯ ಡ್ವೇನ್ ಸೋರ್ಲಿಯ ದನಿ. “ಆ ಕಡ್ಡಿ ಯಾರಿಗೆ? ನಿಮ್ಮಪ್ಪನ ತೋಪು ಏನಾಯ್ತು? ಅದನ್ನ ಗುಜರಿಗೆ ಹಾಕಿದ್ಯೋ, ಇಲ್ಲ ನೀನೇ ಗುಜರಿ ಸೇರ್ತಾ ಇದೀಯೋ?”

ಎಲ್ಲರೂ ನಕ್ಕರು. ನಮ್ಮ ಕಡೆ ಪಿಕಪ್ಪಿನ ಹಿಂದಿನ ಗಾಜಿಗೆ ಬಂದೂಕು ತೂಗುಹಾಕುತ್ತಾರೆ. ಯಾವ ಗಾಡಿಯಲ್ಲಿ ಯಾವುದು ತೂಗುತ್ತದೆಂದು ಮಕ್ಕಳಿಗೂ ಗೊತ್ತು. ಹಾಕಾಸರ ಗಾಜಿನಲ್ಲಿ ಆ ಭಾರದ ರೈಫಲ್ ಮೆರ್ಲನ ಅಪ್ಪನ ಕಾಲದಿಂದ ತೂಗುತ್ತಿತ್ತು.

“ನಂಗಲ್ಲಪ್ಪ. ಆರ್ಲಿಸ್‌ಗೆ,” ಎಂದುಬಿಟ್ಟ ಮೆರ್ಲ್.

ಬಾಯಿಂದ ಬಿದ್ದ ಮಾತು ಮತ್ತೆ ಬಾಯಿಗೆ ಬರುತ್ತದೆಯೇ? ಲೈಲ್‌ಗೆ ಹಿಗ್ಗೋ ಹಿಗ್ಗು. “ಮೊದ್ಲೇ ಹೇಳ್ಬಾರ್ದಾ! ನಾಳೆ ಕರ್ಕೊಂಡು ಬಾ. ಅವಳ ತೋಳಿನ ಅಳತೆಗೆ ಬುಡ ಕತ್ತರಿಸಿ ಕೊಡ್ತೀನಿ.”

ಮನೆಗೆ ಹತ್ತು ಮೈಲಿ. ಸುದ್ದಿ ಫೋನಿನಲ್ಲಿ ಅವನಿಗಿಂತ ಮುಂಚೆ ತಲುಪಿತ್ತು. ಆರ್ಲಿಸ್ ಅಡುಗೆಮನೆಯಲ್ಲಿ ತಬ್ಬಲಿ ಮರಿಗೆ ಬಾಟಲಿ ಹಾಲು ಕುಡಿಸುತ್ತ ನಿಂತಿದ್ದಳು. ಕೆನ್ನೆ ಕೆಂಪಗಾಗಿತ್ತು.

“ನಿಜಾನಾ?” ಎಂದಳು. “ಡ್ವೇನ್ ಹೆಂಡ್ತಿ ಹೇಳಿದ್ಲು. ನಾನು ನಂಬ್ಲಿಲ್ಲ. ಹೋದ ಹುಟ್ಟುಹಬ್ಬಕ್ಕೆ ನಂಗೆ ಏನು ಕೊಟ್ಟೆ, ನೆನಪಿದೆಯಾ? ಕುರಿ ನೀರಿನ ತೊಟ್ಟಿಗೆ ಹೀಟರು.”

“ಬೇಕಾಗಿತ್ತಲ್ಲ,” ಎಂದ ಮೆರ್ಲ್, ಬೂಟು ಬಿಚ್ಚುವ ನೆವದಲ್ಲಿ ತಲೆ ತಗ್ಗಿಸಿ.

“ಕುರಿಗೆ ಬೇಕಾಗಿತ್ತು.” ಅವಳು ನಕ್ಕಳು. “ಮದುವೆಗೆ ಮುಂಚೆ ನಾನು ಅಪ್ಪನ ಜೊತೆ ಹೊಡೀತಿದ್ದೆ, ಗೊತ್ತಾ? ಚೆನ್ನಾಗೇ ಹೊಡೀತಿದ್ದೆ. ಇಲ್ಲಿಗೆ ಬಂದ್ಮೇಲೆ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಿಂಗೆ ಹೇಗೆ ಹೊಳೀತು ಮೆರ್ಲ್?”

ಆಗಲೇ ಹೇಳಿಬಿಡಬೇಕಿತ್ತು. ಅವನು ಬೂಟಿನ ದಾರದಲ್ಲಿ ಬಿದ್ದಿರದ ಗಂಟನ್ನು ಬಿಡಿಸುತ್ತ ಕೂತ.

ಮರುದಿನ ಇನ್ನೂ ಕೆಟ್ಟದ್ದಾಯಿತು. ಆರ್ಲಿಸ್ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಅಂಗಡಿಗೆ ಬಂದಳು. ಲೈಲ್ ಅವಳ ಮೊಣಕೈಯಿಂದ ಬೆರಳಿನವರೆಗೆ ಅಳೆದು, ಬಂದೂಕಿನ ಬುಡಕ್ಕೆ ಗೆರೆ ಎಳೆದು, ಗರಗಸ ಹಿಡಿದ. “ಕತ್ತರಿಸ್ಲಾ?” ಎಂದು ಕೇಳಿದ್ದು ಮೆರ್ಲನನ್ನೇ. ಆ ಬುಡ ಮೋಟಾದರೆ ತನ್ನ ಉದ್ದ ತೋಳಿಗೆ ಎಂದೂ ಹೊಂದುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಪಕ್ಕದಲ್ಲೇ ಡ್ವೇನ್ ನಿಂತಿದ್ದ. ಮೆರ್ಲ್ ತಲೆಯಾಡಿಸಿದ. ಗರಗಸ ಆಡಿತು, ಕಪ್ಪು ತುಂಡು ನೆಲಕ್ಕೆ ಬಿತ್ತು. ಭುಜದ ನೋವನ್ನು ನೇರವಾಗಿ ಒಪ್ಪಿಕೊಂಡು ಹಗುರದ ಬಂದೂಕು ಹೆಗಲಿಗೇರಿಸಬಹುದಾಗಿದ್ದವನು ಹೀಗೆ ಕಾಸೂ ಕೊಟ್ಟು ಬರಿಗೈಯಲ್ಲಿ ಮನೆಗೆ ಬಂದ.

ಮುಂದಿನ ವಾರ ನಸುಕಿನಲ್ಲಿ ಇಬ್ಬರೂ ಪಿಕಪ್ಪಿನಲ್ಲಿ ಮೇಲಿನ ಹುಲ್ಲುಗಾವಲಿಗೆ ಹೋದರು. ನಮ್ಮಲ್ಲಿ ಗಾಡಿ ಓಡಿಸುವವನು ಗೇಟು ತೆರೆಯುವುದಿಲ್ಲ, ಪಕ್ಕದಲ್ಲಿ ಕೂತವರು ಇಳಿಯಬೇಕು. ಮದುವೆಯಾದಂದಿನಿಂದ ಗಾಳಿ ಹಿಮ ಎನ್ನದೆ ಆರ್ಲಿಸ್ ಇಳಿದಿದ್ದಾಳೆ. ಗೇಟು ಮುಚ್ಚಲು ಭುಜದ ಬಲ ಬೇಕು; ಈ ಚಳಿಗಾಲದಲ್ಲಿ ಆ ಪದ್ಧತಿಯೇ ಮೆರ್ಲನ ಭುಜವನ್ನು ಅವಳಿಂದ ಮುಚ್ಚಿಟ್ಟಿತ್ತು.

ಕಯೋಟಿ ಬಂದೇ ಬಂತು. ದಿಬ್ಬದ ಅಂಚಿನಲ್ಲಿ, ಅದೇ ಸೋಮಾರಿ ನಡಿಗೆ.

“ನೀನು ಮೊದ್ಲು. ನಿಂದು ದೂರ ಹೊಡಿಯುತ್ತೆ,” ಎಂದು ಪಿಸುಗುಟ್ಟಿದಳು ಆರ್ಲಿಸ್.

ಅವನು ಅಪ್ಪನ ರೈಫಲ್ ಎತ್ತಿದ. ನಳಿಕೆ ತೂಗಾಡಿತು. ಹಲ್ಲು ಕಚ್ಚಿದ, ಇನ್ನೂ ತೂಗಾಡಿತು. ಅವಳು ಕಯೋಟಿಯನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು.

“ಆಗಲ್ಲ,” ಎಂದ. “ಭುಜ ವಾಸಿಯಾಗ್ಲೇ ಇಲ್ಲ. ಅವತ್ತು ತೋಟಾ ಸಿಕ್ಕಿಕೊಂಡಿರ್ಲಿಲ್ಲ. ಆ ಬಂದೂಕು ನಂಗೆ ಅಂತ ತಗೊಂಡಿದ್ದು. ಡ್ವೇನ್ ನಗ್ತಾನೆ ಅಂತ ನಿನ್ ಹೆಸರು ಹೇಳ್ದೆ.”

ಆರ್ಲಿಸ್ ಕಯೋಟಿಯ ಕಡೆ ತಿರುಗಿದಳು. ಮೋಟು ಬಂದೂಕನ್ನು ಕಿಟಕಿಗೆ ಆನಿಸಿ, ಉಸಿರು ಬಿಟ್ಟು, ಒಂದೇ ಗುಂಡು ಹೊಡೆದಳು. ಕಯೋಟಿ ಇದ್ದಲ್ಲೇ ಕುಸಿದು ಬಿತ್ತು.

“ಹಾಗಾದ್ರೆ ನನ್ನ ಯೋಚನೆ ನಿಂಗೆ ಬಂದೇ ಇರ್ಲಿಲ್ಲ,” ಎಂದಳು.

“ಇಲ್ಲ.”

ಮನೆಗೆ ಬಂದು ಬಂದೂಕನ್ನು ಊಟದ ಮೇಜಿನ ಮೇಲೆ ಅವನ ತಟ್ಟೆಯ ಜಾಗದಲ್ಲಿಟ್ಟಳು. “ತಗೋ, ನಿಂದು.” ಅವಳು ಕೋಣೆಗೆ ಹೋದ ಮೇಲೆ ಅವನು ಅದನ್ನು ಭುಜಕ್ಕಿಟ್ಟು ನೋಡಿದ. ಹೆಬ್ಬೆರಳು ಮೂಗಿಗೆ ತಾಗಿತು. ಚರ್ಚಿನ ಕೋಟು ಹಾಕಿಕೊಂಡು ಅಂಗಡಿಯಲ್ಲಿ ಕೈ ಚಾಚಿ ನಿಂತಿದ್ದ ಹೆಂಡತಿ ನೆನಪಾಗಿ, ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ.

ಬೆಳಗ್ಗೆ ಎದ್ದವನೇ ಪಿಕಪ್ಪಿನ ಗಾಜಿನಿಂದ ಅಪ್ಪನ ರೈಫಲ್ ಇಳಿಸಿ, ಆ ಮೋಟು ಬಂದೂಕನ್ನು ತೂಗುಹಾಕಿದ. ಅವನು ಲೈಲನ ಅಂಗಡಿಗೆ ಹೊರಟಾಗ, ಮರಿಗಳಿಗೆ ಹಾಲಿನಪುಡಿ ಮುಗಿದಿದ್ದರಿಂದ ಆರ್ಲಿಸ್ ಜೊತೆಗೆ ಬಂದಳು. ದಾರಿಯುದ್ದಕ್ಕೂ ಪಕ್ಕದ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಗಾಜಿನಲ್ಲಿ ತೂಗುತ್ತಿದ್ದ ಮೋಟು ಬಂದೂಕನ್ನು ಡ್ವೇನ್ ಅಂಗಡಿಯ ಕಿಟಕಿಯಿಂದಲೇ ನೋಡಿದ್ದ. “ಓಹೋ, ಗಾಡಿಗೆ ಯಜಮಾನ್ತಿ ಬಂದ್ಳೋ! ಈಗ ಲಂಗ ತೊಡೋದು ನೀನೋ ಮೆರ್ಲ್?”

ಮೆರ್ಲ್ ಕಾಫಿ ಪಾತ್ರೆಯ ಹತ್ತಿರಕ್ಕೇ ಹೋದ. “ಡ್ವೇನ್, ಅವತ್ತು ಸುಳ್ಳು ಹೇಳ್ದೆ,” ಎಂದ. “ಭಾರದ ಬಂದೂಕು ಎತ್ತೋಕೆ ನನ್ನ ಭುಜದಲ್ಲಿ ತ್ರಾಣ ಇಲ್ಲ. ನಂಗೆ ಅಂತಾನೇ ಇದನ್ನ ಆರಿಸಿದ್ದು. ನೀನು ನಗ್ತೀಯ ಅಂತ ಹೆದರಿ ಆರ್ಲಿಸ್ ಹೆಸರು ಮುಂದೆ ಮಾಡ್ದೆ. ನಿನ್ನೆ ಅವಳು ಒಂದೇ ಗುಂಡಿಗೆ ಕಯೋಟಿ ಕೆಡವಿದ್ಳು. ಬಂದೂಕು ಅವಳದ್ದು. ಈಗ ನಗು.”

ಯಾರೂ ನಗಲಿಲ್ಲ. ಲೈಲ್ ಸುಮ್ಮನೆ ಲೋಟಕ್ಕೆ ಕಾಫಿ ಬಗ್ಗಿಸಿ ಅವನ ಮುಂದಿಟ್ಟ. ಹಾಲಿನಪುಡಿ ಚೀಲಗಳ ಹಿಂದೆ ನಿಂತಿದ್ದ ಆರ್ಲಿಸ್ ಒಂದು ಚೀಲ ಎತ್ತಿಕೊಂಡು ಹೊರಗೆ ನಡೆದಳು.

ಅವನು ಬರುವಷ್ಟರಲ್ಲಿ ಅವಳು ಸ್ಟಿಯರಿಂಗಿನ ಮುಂದೆ ಕೂತಿದ್ದಳು. ಮೆರ್ಲ್ ಒಂದು ಗಳಿಗೆ ನಿಂತು, ಸುತ್ತಿಕೊಂಡು ಹೋಗಿ, ಅವಳ ಜಾಗದಲ್ಲಿ ಕೂತ.

“ಅಂಗಡೀಲಿ ಹೇಳೋಕೆ ಮುಂಚೆ ಅಡುಗೆಮನೇಲಿ ಹೇಳ್ಬೇಕಿತ್ತು,” ಎಂದಳು.

“ಹೌದು.”

ತಮ್ಮ ಮುಳ್ಳುತಂತಿಯ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಅವಳು ಮುಂದೆ ನೋಡುತ್ತ ಕೂತಳು. ಅವನು ಇಳಿದ. ತೆರೆಯುವುದೇನೋ ಸಲೀಸು. ಗಾಡಿ ಒಳಗೆ ಬಂದ ಮೇಲೆ ಮುಚ್ಚುವುದಕ್ಕೆ ಗೇಟಿನ ತುದಿಯ ಗೂಟವನ್ನು ಭುಜದಿಂದ ಒತ್ತಿ ಬೇಲಿಯ ಕಂಬದ ಹತ್ತಿರ ತಂದು, ಅದರ ತಲೆಗೆ ಕಂಬದ ತಂತಿಯ ಬಳೆ ತೊಡಿಸಬೇಕು. ತಳ್ಳಿದ, ಬಳೆ ಮುಟ್ಟಲಿಲ್ಲ. ಮತ್ತೆ ತಳ್ಳಿದ, ಕಣ್ಣಿಗೆ ಕತ್ತಲೆ ಕವಿಯಿತು. ಇಷ್ಟು ವರ್ಷ ಅವಳು ಒಬ್ಬಳೇ ಇಳಿದು ಇದನ್ನು ಮಾಡುತ್ತಿದ್ದಾಗ ತಾನು ಬೆಚ್ಚಗೆ ಒಳಗೆ ಕೂತಿರುತ್ತಿದ್ದುದು ನೆನಪಾಗಿ ನಾಚಿಕೆಯಿಂದ ಹಿಡಿಯಾದ.

“ಆರ್ಲಿಸ್!” ಎಂದು ಗಾಳಿಗೆ ಎದುರಾಗಿ ಕೂಗಿದ. “ನನ್ ಕೈಲಾಗ್ತಿಲ್ಲ. ಬಾ.”

ಅವಳು ಇಳಿದು ಬಂದು ಗೂಟಕ್ಕೆ ಅವನ ಪಕ್ಕದಲ್ಲೇ ಭುಜ ಕೊಟ್ಟಳು. ಬಳೆ ಕೂತಿತು.

“ನಂಗೆ ಇನ್ನೂ ಸಿಟ್ಟಿದೆ,” ಎಂದಳು ಏದುಸಿರಿನಲ್ಲಿ.

“ಇರ್ಲಿ.”

“ಮುಂದಿನ ಗೇಟಿಗೂ ನೀನೇ ಇಳಿ.” ಗಾಡಿಯ ಕಡೆ ನಾಲ್ಕು ಹೆಜ್ಜೆ ನಡೆದು ನಿಂತಳು. “ಮುಚ್ಚೋಕೆ ನಾನೂ ಬರ್ತೀನಿ.”