ಕುಂಬಳಕಾಯಿ ಹಬ್ಬದ ಚೂರಿ

ಚೂರಿಯಾಗುವುದಕ್ಕೆ ಮೊದಲು ನಾನು ಒಂದು ಲಾರಿಯ ಹೊಟ್ಟೆಯ ಕೆಳಗೆ ಸ್ಪ್ರಿಂಗಿನ ಪಟ್ಟಿಯಾಗಿದ್ದೆ. ಗದಗಿನಿಂದ ಹುಬ್ಬಳ್ಳಿಗೆ ಹತ್ತಿಯ ಅಂಡಿಗೆ ಹೊತ್ತು ತರುತ್ತಿದ್ದ ಲಾರಿ ಅದು. ಗಾಲಿ ತಗ್ಗಿಗೆ ಬಿದ್ದಾಗಲೆಲ್ಲ ನಾನು ಬಾಗಬೇಕು, ಮತ್ತೆ ನೆಟ್ಟಗಾಗಬೇಕು. ಒಂದು ದಿನ ಬಾಗಿದೆ, ನೆಟ್ಟಗಾಗಲಿಲ್ಲ. ಮುರಿದ ಆ ಕಬ್ಬಿಣದ ಪಟ್ಟಿಯನ್ನು ಕಮ್ಮಾರ ಮೌನೇಶಪ್ಪ ತನ್ನ ಕುಲುಮೆಗೆ ಒಯ್ದ. ಕೆಂಪಗೆ ಕಾಯಿಸಿದ, ಬಡಿದ, ನೀರಿನಲ್ಲಿ ಅದ್ದಿದ. ಚುಂಯ್ ಎಂದು ಅತ್ತೆ. ಜಾಲಿ ಕಟ್ಟಿಗೆಯ ಹಿಡಿ ಕೂರಿಸಿ ಹೆಬ್ಬೆರಳಿನಿಂದ ನನ್ನ ಅಲಗು ಮುಟ್ಟಿ ನೋಡಿದ ಮೌನೇಶಪ್ಪ, "ಹೊರೂದು ಮುಗೀತಪಾ ನಿಂದು. ಇನ್ನ ಹೆಚ್ಚಿಕೊಂತ ಆರಾಮ ಇರು" ಎಂದ.

ನನ್ನನ್ನು ಮಾಡಿಸಿದವರು ಆರ್ಚಿ ಕೆಲ್ಸೊ ಸಾಹೇಬರು. ರೈಲು ಎಂಜಿನ್ ಓಡಿಸುವವರು. ಅವರ ಮುತ್ತಜ್ಜ ಹಳಿ ಹಾಸಲೆಂದು ಸ್ಕಾಟ್ಲೆಂಡಿನಿಂದ ಬಂದವರು ಇಲ್ಲಿಯ ಹೆಣ್ಣನ್ನು ಮದುವೆಯಾಗಿ ಇಲ್ಲಿಯೇ ನಿಂತರಂತೆ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮಂಗಳೂರು ಹೆಂಚಿನ ಬಾಡಿಗೆ ಮನೆ. ಹೆಂಡತಿ ತೀರಿಕೊಂಡಿದ್ದರು. ಮಗಳು ಡಾಫ್ನಿ ಒಬ್ಬಳೇ. ಬೆಳಿಗ್ಗೆ ಬಂದು ದೀಪ ಹಚ್ಚುವ ಹೊತ್ತಿಗೆ ಮನೆಗೆ ಹೋಗುವ ಅಡುಗೆಯವಳು ನೀಲವ್ವ. ಇಡೀ ದಿನ ನನ್ನನ್ನು ಹಿಡಿಯುತ್ತಿದ್ದವಳು ಅವಳೇ. ಅವಳ ಅಂಗೈಯ ಗಂಟುಗಳು ನನ್ನ ಹಿಡಿಯಲ್ಲಿ ಸಣ್ಣ ಸಣ್ಣ ತಗ್ಗು ಮಾಡಿದವು.

ವರ್ಷದಲ್ಲಿ ಒಂದು ದಿನ ಮಾತ್ರ ನಾನು ಸಾಹೇಬರ ಕೈಗೆ ಹೋಗುತ್ತಿದ್ದೆ. ಅಕ್ಟೋಬರ್ ತಿಂಗಳ ಕೊನೆಯ ದಿನ. ಅವರು ಅದನ್ನು ಹ್ಯಾಲೋವೀನ್ ಎನ್ನುತ್ತಿದ್ದರು. ನಾಲಿಗೆ ತಿರುಗದ ನೀಲವ್ವ ಕುಂಬಳಕಾಯಿ ಹಬ್ಬ ಎನ್ನುತ್ತಿದ್ದಳು. ಆ ದಿನ ಒಂದು ದೊಡ್ಡ ಕುಂಬಳಕಾಯಿ ಅಡುಗೆಮನೆಯ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಸಾಹೇಬರು ತೋಳು ಮಡಚಿ, ನನ್ನನ್ನು ಅದರ ತಲೆಗೆ ಇಳಿಸಿ, ಮುಚ್ಚಳದ ಹಾಗೆ ಕೊಯ್ದು ತೆಗೆಯುತ್ತಿದ್ದರು. ಒಳಗಿನ ತಿರುಳನ್ನೆಲ್ಲ ನೀಲವ್ವ ತೋಡಬೇಕು. ಬರಿದಾದ ಕಾಯಿಗೆ ಸಾಹೇಬರು ಕಣ್ಣು, ಮೂಗು, ಹಲ್ಲು ಕೊರೆದು, ಒಳಗೆ ಮೇಣದಬತ್ತಿ ಹಚ್ಚಿ, ಸಂಜೆ ಕಟ್ಟೆಯ ಮೇಲೆ ಇಡುತ್ತಿದ್ದರು. ಮೊದಲ ವರ್ಷ ಅದನ್ನು ನೋಡಿದ ನೀಲವ್ವ, "ಅಯ್ಯ ಶಿವನ, ದೆವ್ವ ಓಡಸೂದು ಬಿಟ್ಟು ಕರದು ಕುಂದರಸ್ತಾರಲ್ಲ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆ ಮನೆಯಲ್ಲಿ ಕುಂಬಳಕಾಯಿಗೆ ಸಿಹಿ ತೋರಿಸುತ್ತಿರಲಿಲ್ಲ. ಕುಂಬಳಕಾಯಿ ಎಂದರೆ ಬೆಲ್ಲ ಹಾಕಿ ಎಣ್ಣೆಯಲ್ಲಿ ಕರಿದ ಘಾರ್ಗಿ ಎಂದು ತಿಳಿದಿದ್ದ ನೀಲವ್ವನಿಗೆ ಅದೊಂದು ಸಂಕಟ. ಸಾಹೇಬರಿಗೆ ಮೆಣಸಿನಪುಡಿ ಹಾಕಿದ ಸೂಪು ಬೇಕು, ಉಪ್ಪು ಖಾರ ಸವರಿ ಹುರಿದ ಬೀಜ ಬೇಕು. ಒಂದು ವರ್ಷ ಸೂಪು ಕುದಿಯುತ್ತಿರುವಾಗ ಅವಳು ಪಕ್ಕದ ಒಲೆಯ ಮೇಲೆ ತನ್ನದೊಂದು ಪಲ್ಯ ಮಾಡಿದಳು. ಬೆಳ್ಳುಳ್ಳಿಯ ಒಗ್ಗರಣೆ, ಹಸಿಮೆಣಸಿನಕಾಯಿ, ಮೇಲೆ ಗುರೆಳ್ಳಿನ ಪುಡಿ. ತಂದೆ ಮಗಳು ಸೂಪು ಮರೆತು ಆ ಪಲ್ಯವನ್ನೇ ರೊಟ್ಟಿಗೆ ಹಚ್ಚಿಕೊಂಡು ಬಳಿದು ತಿಂದರು. ಮರುವರ್ಷದಿಂದ ಹ್ಯಾಲೋವೀನ್ ಅಡುಗೆ ಎಂದರೆ ಅದೇ. ಮೇಜಿನ ಮೇಲೆ ಒಂದು ತಾಟು ಹೆಚ್ಚಿಗೆ ಇಡುತ್ತಿದ್ದರು. ಡಾಫ್ನಿಯ ತೀರಿಹೋದ ಅಮ್ಮನಿಗೆ. ಆ ರಾತ್ರಿ ಸತ್ತವರು ಮನೆಗೆ ಬರುತ್ತಾರಂತೆ.

ಹೀಗೆ ಬಹಳ ವರ್ಷ ನಡೆಯಿತು. ಡಾಫ್ನಿ ಶಾಲೆಯಲ್ಲಿ ವಿಜ್ಞಾನದ ಟೀಚರ್ ಆದಳು, ಮದುವೆಯಾಗಲಿಲ್ಲ. ನೀಲವ್ವನ ಗಂಡ ತೀರಿಕೊಂಡ. ಅವಳಿಗೆ ಉಳಿದವನು ಒಬ್ಬ ಮಗ, ಫಕೀರಪ್ಪ. ಡಾಫ್ನಿಯ ಚರ್ಚಿನ ಗೆಳತಿಯರು, ಅತ್ತೆಯ ಮಕ್ಕಳು ಒಬ್ಬೊಬ್ಬರಾಗಿ ಆಸ್ಟ್ರೇಲಿಯಕ್ಕೆ ಹೊರಟರು. ಒಂದು ಆಗಸ್ಟಿನಲ್ಲಿ ಸಾಹೇಬರೂ ಕಣ್ಣು ಮುಚ್ಚಿದರು.

ಆ ವರ್ಷವೂ ಡಾಫ್ನಿ ಕುಂಬಳಕಾಯಿ ತಂದಳು. ಹಬ್ಬದ ದಿನ ಶಾಲೆಯಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ಬಂದು, "ಕಾಯಿ ಇನ್ನೂ ಹಂಗ ಐತಲ್ಲ?" ಎಂದಳು.

ನೀಲವ್ವ ನನ್ನನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. "ಇಡೀ ಕಾಯಿ ಹೆಂಗಸೂರು ಒಡೀಬಾರದ್ರೀ ಮಿಸ್ಸಿಬಾಯಿ. ಮನಿ ಮಗಗ ಕೇಡು ಅಂತಾರ. ಸಾಹೇಬ್ರಿದ್ರು, ಇಷ್ಟು ವರ್ಷ ನಡೀತು. ಯಾರರ ಗಂಡಸೂರು ಬಂದು ಒಂದ ಏಟ ಹಾಕ್ಲಿ, ಮುಂದ ನಾ ಹೆಚ್ಚತೀನಿ."

"ಗಂಡಸೂರನ್ನ ಎಲ್ಲಿಂದ ತರ್ಲಿ? ಈ ಮನ್ಯಾಗ ಯಾರದಾರ?" ಡಾಫ್ನಿ ಕಾಯಿಯನ್ನು ಅವಳ ಮುಂದೆ ತಳ್ಳಿದಳು. "ಅದೆಲ್ಲ ಸುಳ್ಳು ನೀಲವ್ವ. ಕಾಯಿ ಅಂದ್ರ ಕಾಯಿ. ಹೆಚ್ಚು."

"ಮಿಸ್ಸಿಬಾಯಿ…"

"ಹೆಚ್ಚು ಅಂದೆ!"

ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ನೀಲವ್ವನಿಗೆ ದನಿ ಎತ್ತಿದ್ದಿಲ್ಲ. ತೀರಿದವರಿಗೆ ತಾಟು ಇಡುವ ಹುಡುಗಿ ಅಂದು ನೀಲವ್ವನ ಅಂಜಿಕೆಯನ್ನು ಸುಳ್ಳೆಂದಳು. ನೀಲವ್ವ ಕಣ್ಣು ಮುಚ್ಚಿಕೊಂಡು ನನ್ನನ್ನು ಇಳಿಸಿದಳು. ಕಾಯಿ ಎರಡಾಯಿತು. ನಾನು ಚೂರಿ, ನನಗೆ ಬೇಡ ಎನ್ನಲು ಬರುವುದಿಲ್ಲ.

ಐದು ವಾರಗಳ ನಂತರ ಫಕೀರಪ್ಪನಿಗೆ ಕಾಮಾಲೆಯಾಯಿತು. ಹತ್ತೊಂಬತ್ತು ವರ್ಷದ ಹುಡುಗ. ಊರೂರಿನ ಔಷಧಿ ಕುಡಿಸಿ, ಕೊನೆಗೆ ದವಾಖಾನೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಸುದ್ದಿ ತಂದವನು ಹಾಲಿನವನು. ಡಾಫ್ನಿ ಮೂರನೆಯ ದಿನ ಬಿಳಿ ಸೀರೆ ಉಟ್ಟು ಹೊರಗೆ ಹೋದಳು. ಅರ್ಧ ತಾಸಿನಲ್ಲಿಯೇ ತಿರುಗಿ ಬಂದಳು. ಎಲ್ಲಿಗೆ ಹೋಗಿದ್ದಳು, ಏನಾಯಿತು, ನನಗೆ ಆಗ ತಿಳಿಯಲಿಲ್ಲ. ನೇರ ಅಡುಗೆಮನೆಗೆ ಬಂದು, ನನ್ನನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕಪಾಟಿನ ನೆತ್ತಿಯ ಮೇಲೆ ಎಸೆದಳು. ನೀಲವ್ವ ಮತ್ತೆ ಕೆಲಸಕ್ಕೆ ಬರಲಿಲ್ಲ.

ಆರು ವರ್ಷ ನಾನು ಅಲ್ಲಿಯೇ ಮಲಗಿದ್ದೆ. ಹೆಂಚಿನ ಕೆಳಗೆ, ಧೂಳಿನಲ್ಲಿ, ಒಂದು ಹಳೆಯ ಕೇಕಿನ ಡಬ್ಬಿಯ ಜೊತೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಸಪ್ಪಳ ಮಾತ್ರ ಕೇಳುತ್ತಿತ್ತು. ಒಂದು ತಾಟಿನ ಸಪ್ಪಳ. ಒಂದು ಲೋಟ. ಕೆಲವು ದಿನ ತಾಟೂ ಇಲ್ಲ, ಬ್ರೆಡ್ಡಿನ ಕಾಗದ ಬಿಚ್ಚುವ ಸದ್ದು ಅಷ್ಟೆ. ಕ್ರಿಸ್‌ಮಸ್ಸಿಗೆ ಆಸ್ಟ್ರೇಲಿಯದಿಂದ ಬಂದ ಕಾಗದವನ್ನು ಡಾಫ್ನಿ ಜೋರಾಗಿ ಓದುತ್ತಿದ್ದಳು, ಎದುರಿಗೆ ಯಾರೋ ಕೂತು ಕೇಳುತ್ತಿರುವವರ ಹಾಗೆ. ಓದಿ ಮುಗಿಸಿ "ಹಂಗಂತ ನೋಡು" ಎನ್ನುತ್ತಿದ್ದಳು. ಯಾರೂ ಹೂಂ ಎನ್ನುತ್ತಿರಲಿಲ್ಲ. ಅಕ್ಟೋಬರ್ ಬರುತ್ತಿತ್ತು, ಹೋಗುತ್ತಿತ್ತು. ಕುಂಬಳಕಾಯಿಯ ವಾಸನೆ ಬರಲಿಲ್ಲ. ನನ್ನ ಅಲಗಿಗೆ ತುಕ್ಕು ಹಿಡಿಯಿತು.

ಏಳನೆಯ ವರ್ಷದ ಅಕ್ಟೋಬರಿನಲ್ಲಿ ಡಾಫ್ನಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಕೈಗೆ ಪ್ಲಾಸ್ಟರ್, ಶಾಲೆಗೆ ರಜೆ. ಮೂರು ವಾರ ಮನೆಯೊಳಗೆ ಒಬ್ಬಳೇ. ಮೊದಮೊದಲು ಸಹೋದ್ಯೋಗಿಗಳು ಬಂದು ಬಿಸ್ಕತ್ತು ಕೊಟ್ಟು ಹೋದರು, ಆಮೇಲೆ ಅವರೂ ಇಲ್ಲ. ತಿಂಗಳ ಕೊನೆಗೆ ತರಕಾರಿ ಗಾಡಿಯವನನ್ನು ಕರೆದು ಒಂದು ಕುಂಬಳಕಾಯಿ ಕೊಂಡಳು. ಯಾಕೆ ಕೊಂಡಳೋ ಅವಳಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಎರಡು ದಿನ ಅದು ಮೇಜಿನ ಮೇಲೆ ಸುಮ್ಮನೆ ಕೂತಿತ್ತು. ಮೂರನೆಯ ದಿನ, ಮೂವತ್ತೊಂದನೆಯ ತಾರೀಖು, ಮಧ್ಯಾಹ್ನ, ಎಡಗೈಯಲ್ಲಿ ಕಸಬರಿಗೆ ಹಿಡಿದು ಕಪಾಟಿನ ಮೇಲೆ ತಡಕಾಡಿದಳು. ನಾನು ಧೂಳಿನ ಸಮೇತ ನೆಲಕ್ಕೆ ಬಿದ್ದೆ. ಪೇಪರ್ ಬಿಚ್ಚಿ ಮೇಜಿನ ಮೇಲಿಟ್ಟಳು. ಎಡಗೈಯಲ್ಲಿ ಎರಡು ಸಲ ಪ್ರಯತ್ನ ಮಾಡಿದಳು. ನಾನು ಕಾಯಿಯ ಮೇಲಿಂದ ಜಾರಿದೆ. ಅವಳು ಕುರ್ಚಿಯಲ್ಲಿ ಕುಸಿದು, ಕಾಯಿಗೆ ಹಣೆ ಹಚ್ಚಿ ಕೂತಳು.

ಹಿತ್ತಲ ಬಾಗಿಲು ಸದ್ದಾಯಿತು. ನೀಲವ್ವ.

ಕೂದಲು ಪೂರಾ ಬೆಳ್ಳಗಾಗಿತ್ತು. ಹೊಸ್ತಿಲಾಚೆ ನಿಂತಿದ್ದಳು. "ಕೈ ಮುರಕೊಂಡೀರಂತ. ಹಾಲಿನಾಂವ ಹೇಳಿದ."

ಡಾಫ್ನಿ ಎದ್ದು ನಿಂತಳು. "ನೀಲವ್ವ, ಅವತ್ತ ನಾ ನಿನಗ ಹಂಗ ಅನಬಾರದಿತ್ತು. ಹೆಚ್ಚು ಅಂತ ಹೇಳಬಾರದಿತ್ತು" ಎಂದಳು.

"ಕುಂಬಳಕಾಯಿದೇನ ತಪ್ಪೈತ್ರಿ?" ನೀಲವ್ವ ಒಳಗೆ ಬರಲಿಲ್ಲ. "ಕಾಮಾಲಿ ಆಗಿತ್ತು, ಹೋದ. ಓಣ್ಯಾನ ಮಂದಿ ನೂರ ಅಂತಾರ. ನಂಗೂ ಒಂದ ವರ್ಷ ಹಂಗ ಅನಸ್ತು, ಸುಳ್ಳ ಯಾಕ ಹೇಳ್ಲಿ. ಆಮ್ಯಾಲ ಅನಸಲಿಲ್ಲ. ನನ್ನ ಸಿಟ್ಟು ಅದಕ್ಕಲ್ಲ."

"ಮತ್ತ?"

"ನೀವ ಬರಲಿಲ್ಲ. ಇಪ್ಪತ್ತೇಳ ವರ್ಷ ಈ ಮನ್ಯಾಗ ರೊಟ್ಟಿ ಬಡದೀನಿ. ನನ್ನ ಮಗ ಇದ ಕಟ್ಟಿ ಮ್ಯಾಲ ಆಡಿದಾಂವ. ಅಂವಾ ಹೋದಾಗ ಊರ ಮಂದಿ ಬಂತು. ನೀವ ಬರಲಿಲ್ಲ. ಇವತ್ತ ಬಂದಾರು, ನಾಳಿ ಬಂದಾರು ಅಂತ ಕುಂತೆ."

"ಬಂದಿದ್ದೆ." ಡಾಫ್ನಿ ಮೇಜು ಹಿಡಿದುಕೊಂಡಳು. "ಮೂರನೇ ದಿನ. ನಿಮ್ಮ ಬಾಗಿಲತನಕ ಬಂದಿದ್ದೆ. ಕಟ್ಟಿ ಮ್ಯಾಲ ಕುಂತ ಹೆಂಗಸೂರು ಅನ್ನಾಕತ್ತಿದ್ರು, ಆ ಮನೀಯಾಕಿ ಕುಂಬಳಕಾಯಿ ಹೆಚ್ಚಿಸಿ ಮಗನ್ನ ತಿಂದ್ಲು ಅಂತ. ನಾ ಒಳಗ ಬಂದ್ರ ನಿನ್ನ ಮಾರಿ ಹ್ಯಾಂಗ ನೋಡ್ಲಿ ಅನಸ್ತು. ತಿರುಗಿ ಬಂದೆ. ಅಂಜಿದೆ ನೀಲವ್ವ."

ಹೊರಗೆ ಒಂದು ಗೂಡ್ಸ್ ಗಾಡಿ ಹಾದುಹೋಯಿತು. ಆರು ವರ್ಷ ಒಬ್ಬಳು ಅಲ್ಲಿ, ಒಬ್ಬಳು ಇಲ್ಲಿ ಕೂತದ್ದು ಒಂದು ಬಾಗಿಲು ದಾಟದೆ ಹೋದದ್ದಕ್ಕೆ. ನಡುವೆ ಒಂದು ಮೈಲಿಯೂ ಇರಲಿಲ್ಲ.

ನೀಲವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. ನನ್ನನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. "ಏನ ಗತಿ ಮಾಡೀರಿ ಇದಕ್ಕ!" ಎಂದು ಹಿತ್ತಲ ಕಲ್ಲಿಗೆ ಒಯ್ದು, ನೀರು ಚಿಮುಕಿಸಿ ಉಜ್ಜಿದಳು. ತುಕ್ಕಿನ ಕೆಂಪು ನೀರು ಹರಿಯಿತು. ತಿರುಗಿ ಬಂದು ಕಾಯಿಯ ಮುಂದೆ ನಿಂತಾಗ ಡಾಫ್ನಿ ಅವಳ ಮುಂಗೈ ಹಿಡಿದಳು.

"ಬ್ಯಾಡ. ತಡಿ, ಹಾಲಿನಾಂವ ಬರ್ಲಿ."

"ಹೋಗೂದು ಹೋಗೇತಿ, ಬಿಡ್ರಿ" ಎಂದಳು ನೀಲವ್ವ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ.

ಸಂಜೆಗೆ ಬೆಳ್ಳುಳ್ಳಿಯ ಒಗ್ಗರಣೆಯ ಘಮ ಆ ಮನೆಯ ಹೆಂಚು ಮುಟ್ಟಿತು. ಗುರೆಳ್ಳು ತೀರಿತ್ತು, ನೀಲವ್ವ ಬೈದುಕೊಳ್ಳುತ್ತ ಶೇಂಗಾ ಪುಡಿ ಹಾಕಿದಳು. ಬೀಜಕ್ಕೆ ಉಪ್ಪು ಖಾರ ಸವರಿ ಹುರಿದಳು. ಬರಿದಾದ ಕಾಯಿಗೆ ಮುಖ ಕೊರೆಯಲು ಅವಳಿಗೆ ಬರುತ್ತಿರಲಿಲ್ಲ, ಡಾಫ್ನಿಗೆ ಕೈ ಇರಲಿಲ್ಲ. ಒಬ್ಬಳು ಹೇಳಿದಳು, ಒಬ್ಬಳು ಕೊರೆದಳು. ಒಂದು ಕಣ್ಣು ದೊಡ್ಡದಾಯಿತು, ಬಾಯಿ ಒಂದು ಕಡೆ ಎಳೆಯಿತು. ಡಾಫ್ನಿ ತಂದೆಗೆ ಒಂದು ತಾಟು, ತಾಯಿಗೆ ಒಂದು ತಾಟು ಇಟ್ಟು, ನೀಲವ್ವನ ಕಡೆ ನೋಡಿದಳು. ನೀಲವ್ವ ಮೂರನೆಯ ತಾಟು ತಂದಿಟ್ಟು, ಅದಕ್ಕೆ ಪಲ್ಯ ಬಡಿಸಿ, "ಅವಗ ಖಾರ ಇಷ್ಟ ಸಾಲೂದಿಲ್ಲ" ಎಂದು ಇನ್ನೊಂದು ಹಸಿಮೆಣಸಿನಕಾಯಿ ಬದಿಗಿಟ್ಟಳು. ಆಮೇಲೆ ಅತ್ತಳು. ಡಾಫ್ನಿ ಎಡಗೈಯಿಂದ ಅವಳ ಬೆನ್ನು ಸವರುತ್ತ ಕೂತಳು.

ಆ ಸಂಜೆಯ ನಂತರ ನೀಲವ್ವ ಮೊದಲಿನ ಹಾಗೆ ಕೆಲಸಕ್ಕೆ ಬಂದಳು. ಮುಂದೆ ಒಂಬತ್ತು ಹಬ್ಬಗಳು ಆದವು. ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ದೀಪ ಹಚ್ಚುವ ಹೊತ್ತಿಗೆ ನೀಲವ್ವ ತನ್ನ ಮನೆಗೆ ಹೋಗುತ್ತಿದ್ದಳು; ಆಮೇಲೆ ಆ ಮನೆಯಲ್ಲಿ ಒಬ್ಬಳು, ಈ ಮನೆಯಲ್ಲಿ ಒಬ್ಬಳು. ಒಂದು ಬೇಸಿಗೆಯಲ್ಲಿ ಡಾಫ್ನಿ ನಿದ್ದೆಯಲ್ಲಿಯೇ ಹೋದಳು. ಮನೆಯ ಮಾಲೀಕರು ಸಾಮಾನು ಖಾಲಿ ಮಾಡಿಸಿದಾಗ, ಏನು ಬೇಕೋ ತೆಗೆದುಕೋ ಎಂದರು. ನೀಲವ್ವ ನನ್ನೊಬ್ಬನನ್ನೇ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಅವಳ ಕೋಣೆಯಲ್ಲಿ ನನಗೆ ಕೆಲಸ ಕಡಿಮೆ. ಒಂದು ಉಳ್ಳಾಗಡ್ಡಿ, ಎರಡು ಮೆಣಸಿನಕಾಯಿ. ಕಣ್ಣಿಗೆ ಪೊರೆ ಬಂದ ಮೇಲೆ ನವಲಗುಂದದ ತಮ್ಮನ ಮಗಳು ಬಂದು ಅವಳನ್ನು ಕರೆದೊಯ್ದಳು. ಹೋಗುವ ಮುನ್ನ ನೀಲವ್ವ ನನ್ನನ್ನು ಸಂತೆಯಲ್ಲಿ ತರಕಾರಿ ಮಾರುವ ಹುಲಿಗೆವ್ವನ ಕೈಗೆ ಕೊಟ್ಟಳು. "ಮನ್ಯಾಗ ಇಟ್ರ ತುಕ್ಕ ಹಿಡೀತೈತಿ. ನಿನ್ನ ಹತ್ರ ಇದ್ರ ನಾಕ ಮಂದಿ ನಡಕ ಇರತೈತಿ" ಎಂದಳು. ನೀಲವ್ವನನ್ನು ನಾನು ಮತ್ತೆ ನೋಡಲಿಲ್ಲ.

ಈಗ ನಾನು ಗೋಣಿತಟ್ಟಿನ ಮೇಲೆ, ಕುಂಬಳಕಾಯಿಗಳ ಪಕ್ಕದಲ್ಲಿ ಇರುತ್ತೇನೆ. ಮಸೆದು ಮಸೆದು ಅಲಗು ಎರಡು ಬೆರಳಿನ ಅಗಲ ಉಳಿದಿದೆ. ಹಿಡಿಗೆ ತಂತಿ ಸುತ್ತಿದ್ದಾರೆ. ಇಡೀ ಕಾಯಿ ಕೊಳ್ಳುವವರು ಈಗ ಕಡಿಮೆ. ಹೋಳು ಕೇಳುತ್ತಾರೆ. ಹುಲಿಗೆವ್ವ ನನ್ನನ್ನು ಕಾಯಿಯ ಮೇಲಿಟ್ಟು, "ಎಷ್ಟ ಮಂದಿಗ್ರಿ?" ಎಂದು ಕೇಳುತ್ತಾಳೆ. ಐದು ಎನ್ನುವವರು ಥಟ್ಟನೆ ಹೇಳುತ್ತಾರೆ. ಕೆಲವರು ಮಾತ್ರ ಸ್ವಲ್ಪ ತಡೆದು, ಅತ್ತಿತ್ತ ನೋಡಿ, ಒಂದು ಬೆರಳು ಎತ್ತುತ್ತಾರೆ. ವಯಸ್ಸಾದವರು, ಬ್ಯಾಂಕಿನ ಹುಡುಗಿಯರು, ಹೆಂಡತಿ ತೀರಿದ ಮಾಸ್ತರರು. ಇಷ್ಟು ಮಂದಿ ಒಬ್ಬೊಬ್ಬರೇ ಇದ್ದಾರೆಂದು ಅಡುಗೆಮನೆಯೊಳಗೆ ಇದ್ದಾಗ ನನಗೆ ಗೊತ್ತಿರಲಿಲ್ಲ.

ಹಾಗೆ ಬೆರಳು ಎತ್ತಿದಾಗ ಹುಲಿಗೆವ್ವ ನನ್ನನ್ನು ಅವರು ತೋರಿಸಿದ ಕಡೆ ಇಳಿಸುವುದಿಲ್ಲ. ಎರಡು ಬೆರಳು ಆಚೆ ಸರಿಸಿ ಇಳಿಸುತ್ತಾಳೆ. ಇಷ್ಟು ಬೇಡವಾಗಿತ್ತು ಎಂದರೆ ಕೇಳುವುದಿಲ್ಲ.

"ಇರ್ಲಿ ತೊಗೋರಿ," ಎನ್ನುತ್ತಾಳೆ. "ಯಾರರ ಬಂದ್ರ ಬೇಕಾಕ್ಕೈತಿ."