ಶುರುವಾದದ್ದಕ್ಕೆ ಅರ್ಧ ಅಂಕ

ಮುಂಬಯಿಯ ಮಾಟುಂಗದ ಹೋಟೆಲಿನೊಳಗೆ ಕಾಲಿಟ್ಟೊಡನೆ ವಿಜೇತಾಳಿಗೆ ಸಿಮೆಂಟಿನ ಧೂಳಿನಿಂದ ಸೀನು ಬಂತು. ಗೋಡೆಯ ಈ ತುದಿಯಲ್ಲಿ ಒಬ್ಬ ಬಣ್ಣ ಬಳಿಯುತ್ತಿದ್ದ. ಆ ತುದಿಯಲ್ಲಿ ಇನ್ನೊಬ್ಬ ವೈರು ಎಳೆಯಲೆಂದು, ನಿನ್ನೆ ಬಳಿದ ಬಣ್ಣವನ್ನೇ ಉಳಿಯಿಂದ ಕೆತ್ತುತ್ತಿದ್ದ. ಇಬ್ಬರೂ ಬಹಳ ಶ್ರದ್ಧೆಯಿಂದಲೇ ದುಡಿಯುತ್ತಿದ್ದರೆನ್ನಿ!

ಅಪ್ಪ ಸದಾನಂದರ ಹಳೇ ಹೋಟೆಲಿಗೆ ಹೊಸ ರೂಪ ಕೊಡಿಸೋಣ ಎಂದು ಹಟ ಹಿಡಿದವಳು ಇವಳೇ. ಆಫೀಸಿನಲ್ಲಿ ದೊಡ್ಡ ದೊಡ್ಡ ಬಿಲ್ಡಿಂಗುಗಳ ಪ್ಲಾನಿಂಗ್ ಮಾಡುವವಳಿಗೆ ಇದ್ಯಾವ ಲೆಕ್ಕ? ಅಲ್ಲಿಯ ಪದ್ಧತಿಯಂತೆ ಇಲ್ಲಿಗೂ ಒಂದು 'ಅರ್ನ್ಡ್ ವ್ಯಾಲ್ಯೂ' ಶೀಟು, ಅಂದರೆ ಆದ ಕೆಲಸವನ್ನು ಅಂಕದಲ್ಲಿ ಅಳೆಯುವ ಪಟ್ಟಿ, ಮಾಡಿದಳು. ಇಡೀ ಕೆಲಸಕ್ಕೆ ನೂರು ಅಂಕ, ಅದರಲ್ಲಿ ಟೈಲ್ಸು, ಬಣ್ಣ, ಗ್ಯಾಸ್ ಲೈನು ಒಂದೊಂದಕ್ಕೂ ಒಂದು ಪಾಲು. ಶುರುವಾದರೆ ಆ ಪಾಲಿನ ಅರ್ಧ ಕೊಡುವುದು, ಮುಗಿದ ಮೇಲೆ ಉಳಿದರ್ಧ. ಕೆಲಸಗಳು ಒಂದರ ಹಿಂದೊಂದು ಬಂದರೆ ಈ ಲೆಕ್ಕ ಅಷ್ಟೇನೂ ಮೋಸ ಮಾಡುವುದಿಲ್ಲ. ಆದರೆ ಕಂಟ್ರಾಕ್ಟರ್ ಪ್ರೀತಮ್ ಚುರುಕಿನ ಆಸಾಮಿ. ದಿನಾ ಸಂಜೆ ಮೊಬೈಲಿಗೆ ಬರುವ ಅಂಕ ಯಾತಕ್ಕೆ ಏರುತ್ತದೆಂದು ಬೇಗ ಕಂಡುಕೊಂಡ. ಬಾತ್‌ರೂಮಿನಲ್ಲಿ ನಾಲ್ಕು ಟೈಲ್ಸು, ಅಡುಗೆಮನೆಯಲ್ಲಿ ಒಂದು ತುಂಡು ಪೈಪು ಹಾಕಿಸಿ ಎಲ್ಲವನ್ನೂ ಒಟ್ಟಿಗೇ ಶುರು ಮಾಡಿಸಿಬಿಟ್ಟ. ಆರಂಭಶೂರತ್ವಕ್ಕೇ ಅಂಕ ಸಿಗುವಾಗ ಯಾರು ಬಿಡುತ್ತಾರೆ! ನಿನ್ನೆಗೆ ಎಪ್ಪತ್ತು ಆಗಿತ್ತು.

ಆ ಎಪ್ಪತ್ತನ್ನು ಅವಳು ಅನಿಲಣ್ಣನಿಗೂ ಹೇಳಿದ್ದಳು. ದೋಸೆ ಹುಯ್ಯುವ ಅನಿಲ ಈ ಹೋಟೆಲಿನ ಜೀವ. ಬಾಗಿಲು ಮುಚ್ಚಿದಂದಿನಿಂದ ಬೊರಿವಲಿಯ ಮನೆಯಲ್ಲಿ ಸುಮ್ಮನೆ ಕೂತಿದ್ದ. ಅಲ್ಲೇ ಹತ್ತಿರದ ಹೋಟೆಲಿನವರು ಕರೆಯುತ್ತಿದ್ದರು. ಇಲ್ಲಿ ಈ ತಿಂಗಳು ತೆರೆಯದಿದ್ದರೆ ಅವನು ಅಲ್ಲಿಗೆ ಹೋಗಲೇಬೇಕಿತ್ತು.

ವಿಜೇತಾ ನಿಂತಲ್ಲೇ ಮೊಬೈಲು ತೆರೆದು ಲೆಕ್ಕ ತಿರುಗಿ ಹಾಕಿದಳು. ಶುರುವಾದದ್ದಕ್ಕೆ ಸೊನ್ನೆ, ಮುಗಿದದ್ದಕ್ಕೆ ಮಾತ್ರ ಅಂಕ. ಮುಗಿಯಿತೆಂದು ಬರೆದಿದ್ದ ಬಣ್ಣವನ್ನೂ ಹೊಡೆದುಹಾಕಿದಳು. ಮೂವತ್ತು ಉಳಿಯಿತು! ಪ್ಲಾನಿನಂತೆ ಇಷ್ಟು ಹೊತ್ತಿಗೆ ತೊಂಬತ್ತು ಆಗಬೇಕಿತ್ತು; ಎಪ್ಪತ್ತಾಗಿದ್ದರೆ ಹೇಗೋ ತಿಂಗಳೊಳಗೆ ಮುಗಿಸಬಹುದಿತ್ತು, ಮೂವತ್ತಾದರೆ ಸಾಧ್ಯವೇ ಇಲ್ಲ.

"ಅಪ್ಪ, ಆಗಿರೋದು ಮೂವತ್ತೇ. ನನ್ನ ಹಿಸಾಬೇ ಗಲತ್."

ಕೆಲಸ ನೋಡುತ್ತ ಅಲ್ಲೇ ನಿಂತಿದ್ದ ಸದಾನಂದರು ಸಿಮೆಂಟಿನ ಚೀಲದ ಮೇಲೆ ಕುಸಿದು ಕೂತರು. "ಅನಿಲನಿಗೆ ಹೇಳ್ಬೇಡ ಮಾರಾಯ್ತಿ," ಎಂದರು. "ಅವ ಹೋದ್ರೆ ಮತ್ತೆ ಎಂತ ಉಂಟು ಇಲ್ಲಿ? ಗಿರಾಕಿಗಳಿಗೆ ಟೈಲ್ಸ್ ತೋರಿಸುದಾ?"

"ಅವರು ನನ್ನ ಮೇಲೆ ಭರೋಸಾ ಇಟ್ಟು ಕೂತಿದ್ದಾರೆ, ಅಪ್ಪ."

"ನಾನೂ ಇಟ್ಟಿದ್ದೆ."

ಆ ಮಾತು ಸರಿಯಾಗಿಯೇ ನಾಟಿತು. ಅವಳು ಅಡುಗೆಮನೆಗೆ ಹೋದಳು, ಬಂದಳು, ಮತ್ತೆ ಹೋದಳು. ನಿಂತರೆ ಅಳು ಬರುತ್ತದೆಂದು ಹೆದರಿಕೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಅಪ್ಪನ ಎದುರೇ ನಿಂತು ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಹಾಂ ವಿಜೇತಾ! ನಾನೇ ಫೋನ್ ಮಾಡುವಾ ಅಂತಿದ್ದೆ," ಅನಿಲನ ದನಿ ಗೆಲುವಾಗಿತ್ತು. "ಎಪ್ಪತ್ತು ಆಯ್ತಲ್ಲ, ಇಲ್ಲಿಯ ಹೋಟೆಲಿನವರಿಗೆ ಬರುದಿಲ್ಲ ಅಂತ ಬೆಳಿಗ್ಗೆಯೇ ಹೇಳಿಬಿಟ್ಟೆ. ಪಾಪ, ಬೇರೆಯವನನ್ನು ಹುಡುಕ್ತಿದ್ದಾರೆ. ಯಾವಾಗ ಬರ್ಲಿ?"

"ಅನಿಲಣ್ಣ, ಎಪ್ಪತ್ತಲ್ಲ. ಮೂವತ್ತು. ಈ ತಿಂಗಳು ಆಗೋದಿಲ್ಲ. ಸಾರಿ, ನಾನೇ ತಪ್ಪು ಹೇಳಿದೆ."

ಆ ಕಡೆ ಎಲ್ಲೋ ಕುಕ್ಕರಿನ ಸೀಟಿ ಕೇಳಿಸಿತು.

"ನಿನ್ನೆ ಹೇಳ್ಬಹುದಿತ್ತಲ್ಲ, ತಂಗಿ," ಎಂದ ಅನಿಲ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಿಜೇತಾಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಸದಾನಂದರು ಎದ್ದು ಬಂದು ಅವಳ ಕೈಯಿಂದ ಫೋನು ತೆಗೆದುಕೊಂಡರು. ಕಟ್ ಮಾಡಿಬಿಡುತ್ತಾರೆ ಎಂದುಕೊಂಡಳು.

"ಅನಿಲ, ಆ ಹೋಟೆಲಿನ ಓನರನ ನಂಬರು ಹೇಳು," ಎಂದರು ಅವರು. "ಬೇರೆಯವ ಸಿಗುವ ಮೊದಲು ನಾನೇ ಮಾತಾಡ್ತೇನೆ. ನಿನ್ನಂಥ ದೋಸೆ ಹುಯ್ಯುವವ ಈ ಮುಂಬಯಿಯಲ್ಲಿ ಇಲ್ಲ ಅಂತ ಹೇಳ್ತೇನೆ."

ಹೇಳುವಾಗ ಅವರು ಮಗಳ ಮುಖ ನೋಡಲಿಲ್ಲ.