ಆ ನಾಲ್ವರ ಹಾಡು

ಗಿಟಾರು ಶವಪೆಟ್ಟಿಗೆಯೊಳಗೆ ಹಿಡಿಸಲೇ ಇಲ್ಲ. ಉದ್ದಕ್ಕಿಟ್ಟರೆ ಮುಚ್ಚಳ ಕೂರದು, ಅಡ್ಡಕ್ಕಿಟ್ಟರೆ ಸತ್ತವನ ಗಲ್ಲಕ್ಕೆ ತಾಗುತ್ತದೆ. ಪೀಪಿ ಇನ್ನೊಮ್ಮೆ ಓರೆಯಾಗಿ ತೂರಿಸಲು ಹೋದ.

"ಬಿಡಿ ಮಾಮ," ಎಂದಳು ಸತ್ತವನ ಮಗಳು. "ಬದುಕಿದ್ದಾಗ ಹೊತ್ತದ್ದು ಸಾಲದಾ?"

ಪೀಪಿ ಗಿಟಾರನ್ನು ಗೋಡೆಗೆ ಒರಗಿಸಿದ. ಅವನು ಮೌತ್ ಆರ್ಗನ್ ನುಡಿಸುವವನು; ಆ ಅಡ್ಡಹೆಸರು ಇಟ್ಟವನೇ ಈಗ ಪೆಟ್ಟಿಗೆಯಲ್ಲಿ ಮಲಗಿದ್ದ. ಅವನ ಒಡಕು ದನಿಗೆ ಪೀಪಿಯೂ ಬಿಡದೆ ಗೊಗ್ಗರ ಎಂದು ಹೆಸರಿಟ್ಟಿದ್ದ. ಇಬ್ಬರೂ ಬ್ಲೂಸ್ ಎಂಬ ನೋವಿನ ಹಾಡುಗಾರಿಕೆ ಕಲಿತವರು. ಹೊಟ್ಟೆ ಹೊರೆದದ್ದು ಮಾತ್ರ ಸ್ಟೇಷನ್ ಎದುರಿನ ಬಾರಿನಲ್ಲಿ, ಜಗತ್ತೇ ಬಲ್ಲ ಒಂದು ಹಳೆಯ ರಾಕ್ ಬ್ಯಾಂಡಿನ ಹಾಡುಗಳನ್ನು ಬ್ಲೂಸಿನ ನಿಧಾನಕ್ಕೆ ಇಳಿಸಿ ಹಾಡಿ. ಆ ಬ್ಯಾಂಡನ್ನು ಬಾರಿನಲ್ಲಿ ಎಲ್ಲರೂ 'ಆ ನಾಲ್ವರು' ಎನ್ನುತ್ತಿದ್ದರು, ಮನೆಯವರ ಬಗ್ಗೆ ಮಾತಾಡಿದ ಹಾಗೆ.

ಅಂತಿಮ ದರ್ಶನಕ್ಕೆ ಚರ್ಚಿನ ಹಾಲಿಗೆ ಬಂದವರು ಬೆರಳೆಣಿಕೆಯಷ್ಟು. ಬಾರಿನ ಈಗಿನ ಮಾಲೀಕ ಮುಂದಿನ ಬೆಂಚಿನಲ್ಲೇ ಕೂತಿದ್ದ.

"ಮಾಮ, ಒಂದು ಕೇಳ್ತೀನಿ," ಮಗಳು ದನಿ ತಗ್ಗಿಸಿದಳು. "ಇವತ್ತು ಆ ನಾಲ್ವರ ಹಾಡು ಬೇಡ. ಚಿಕ್ಕಂದಿನಿಂದ ಕೇಳಿ ಕೇಳಿ ಸಾಕಾಗಿದೆ. ಅಪ್ಪಂದೇ ಅಂತ ಒಂದಾದ್ರೂ ಇದ್ರೆ ನುಡಿಸಿ. ಇಲ್ದಿದ್ರೆ ಇಲ್ಲ ಅಂದ್ಬಿಡಿ."

"ಇದೆ," ಎಂದ ಪೀಪಿ. ಅವನ ಎದೆ ಹಗುರಾಯಿತು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡದ್ದು ಈ ದಿನಕ್ಕೇ ಇರಬೇಕು ಅನ್ನಿಸಿತು.

*

ಗೊಗ್ಗರ ಆ ಹಾಡು ಕಟ್ಟಿದಾಗ ಮಗಳಿಗೆ ಶೂ ಲೇಸು ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ಬಾರಿನಿಂದ ಅಪ್ಪ ಬರುವುದನ್ನು ಕಾಯುತ್ತ, ಬಾಗಿಲ ಕಡೆ ಮುಖ ಮಾಡಿ, ಶೂ ಹಾಕಿಕೊಂಡೇ ನಿದ್ದೆ ಹೋಗುವ ಹುಡುಗಿಯ ಹಾಡು. 'ಇದು ನನ್ನದು' ಎಂದು ಹೇಳಿ ಹಾಡಿದಾಗ ಜನ ತಮ್ಮ ತಮ್ಮ ಮಾತಿಗಿಳಿದರು. ಒಬ್ಬ ಎದ್ದೇ ಹೋದ.

ಮುಂದಿನ ವಾರ ಅದೇ ಹಾಡು ಹಾಡುವ ಮುನ್ನ ಗೊಗ್ಗರ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡ. "ಇದು ಆ ನಾಲ್ವರು ಹಾಡಿ, ಹೊರಗೆ ಬಿಡದೇ ಉಳಿಸಿಕೊಂಡ ಹಾಡು," ಎಂದ. ಬಾರಿಗೆ ಬಾರೇ ಗಪ್‌ಚುಪ್. ಮುಗಿದ ಮೇಲೆ ಚಪ್ಪಾಳೆಯೋ ಚಪ್ಪಾಳೆ.

"ಹೆತ್ತ ಮಗೂನ ಊರವರಿಗೆ ದತ್ತು ಕೊಟ್ಟೆಯಲ್ಲೋ," ಎಂದು ಪೀಪಿ ಬೈದ.

"ಕೇಳಿದ್ರಲ್ಲ, ಅಷ್ಟು ಸಾಕು. ನಂದು ಅಂತ ಗೊತ್ತಾದ ದಿನ ಕೇಳೋದು ಬಿಡ್ತಾರೆ. ಯಾರಿಗೂ ಬಾಯಿ ಬಿಡಬೇಡ. ಮನೇಲೂ."

ಅವರ ಜೊತೆ ಡ್ರಮ್ ಬಾರಿಸುತ್ತಿದ್ದವನೂ ಹೂಂ ಎಂದಿದ್ದ. ಅವನೂ ಈಗಿಲ್ಲ.

*

ಪೀಪಿ ಕಣ್ಣು ಮುಚ್ಚಿ ನುಡಿಸಿದ. ಉಸಿರು ಸಾಲದೆ ಅಲ್ಲಲ್ಲಿ ಎಡವಿದರೂ ಬಿಡಲಿಲ್ಲ. ಕಣ್ಣು ತೆರೆದಾಗ ಮಾಲೀಕ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಮಗಳ ಮುಖ ಬಿಗಿದಿತ್ತು.

"ಇದೂ ಅವರದೇ ಅಲ್ವಾ ಮಾಮ."

"ಅಲ್ಲಮ್ಮ, ನಿಮ್ಮಪ್ಪಂದು. ಅದ್ರಲ್ಲಿರೋ ಹುಡುಗಿ ನೀನೇ."

"ಅಪ್ಪಾನೇ ಮೈಕಲ್ಲಿ ಹೇಳ್ತಿದ್ರು. ನಾನೇ ಕೇಳಿದೀನಿ."

"ಸುಳ್ಳು ಹೇಳ್ತಿದ್ದ ಕಣಮ್ಮ. ನಿನ್ನ ಹಾಡು ಜನ ಕೇಳ್ಲಿ ಅಂತ."

ಮಾಲೀಕ ನಡುವೆ ಬಾಯಿ ಹಾಕಿದ. "ಗೊಗ್ಗರಣ್ಣ ಒಳ್ಳೇವ್ರು, ಎರಡು ಮಾತಿಲ್ಲ. ಆದ್ರೆ ಇಂಥ ಹಾಡು ಕಟ್ಟೋದು ಅವರ ಕೈಲಾಗ್ತಿತ್ತಾ?"

ಮಗಳು ಪೀಪಿಯ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಕೋಪವಿದ್ದರೆ ಅವನು ಜಗಳವಾದರೂ ಆಡುತ್ತಿದ್ದ, ಇದ್ದದ್ದು ಕನಿಕರ. "ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀರಿ. ಇಲ್ಲ ಅಂದಿದ್ರೂ ನಡೀತಿತ್ತು, ಮಾಮ."

ಪೀಪಿಗೆ ಗೆಳೆಯನನ್ನು ಎರಡನೇ ಸಲ ಕಳೆದುಕೊಂಡಂತೆ ಸಂಕಟವಾಯಿತು.

ಪೆಟ್ಟಿಗೆ ಒಯ್ಯುವ ಗಾಡಿ ತಡವಾಯಿತು. ಮಾಲೀಕ ಹೊರಗೆ ನಿಂತು ಅದೇ ಧಾಟಿಯನ್ನು ಶಿಳ್ಳೆ ಹಾಕುತ್ತ, ನಡುನಡುವೆ, "ಆ ನಾಲ್ವರಂಥವರು ಇನ್ನು ಹುಟ್ಟಲ್ಲ ಬಿಡಿ," ಎಂದು ಯಾರಿಗೋ ಹೇಳುತ್ತಿದ್ದ. ಪೀಪಿ ಗಿಟಾರು ಎತ್ತಿಕೊಂಡು ತಿರುಗಿದ. ಆಸ್ಪತ್ರೆಯಲ್ಲಿ ನಿದ್ದೆಗೆಟ್ಟಿದ್ದ ಮಗಳು ಹಿಂದಿನ ಬೆಂಚಿನ ಮೇಲೆ ಕಾಲು ಮುದುರಿಕೊಂಡು, ಬಾಗಿಲ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಶೂ ಕಾಲಲ್ಲೇ ಇತ್ತು.